ಬ್ರುನೆಲೆಸ್ಕಿಯ ಕನ್ನಡಿ ಪ್ರಯೋಗ, ಶಿರಸಿ ಕಡೆ ಮನೆ ಬಾಗ್ಲಲ್ಲೇ ಮಾಡೋದು ಹೇಗೆ

ಇಟಲಿಯ ಫ್ಲಾರೆನ್ಸ್ ಊರಿನ ದೊಡ್ಡ ಚರ್ಚಿಗೆ ಗುಮ್ಮಟ ಕಟ್ಟಿದ ಫಿಲಿಪ್ಪೊ ಬ್ರುನೆಲೆಸ್ಕಿ (1377–1446) ಮೊದ್ಲು ಅಕ್ಕಸಾಲಿ, ಆಮೇಲೆ ಶಿಲ್ಪಿ. 1401ರಲ್ಲಿ ಅಲ್ಲಿನ ಬ್ಯಾಪ್ಟಿಸ್ಟರಿಯ (ದೀಕ್ಷಾಸ್ನಾನ ಮಾಡ್ಸೋ ಕಟ್ಟಡ) ಕಂಚಿನ ಬಾಗ್ಲಿಗೆ ಸ್ಪರ್ಧೆ ಇಟ್ರು, ಇವ್ನೂ ಸೇರಿದ, ಗೆದ್ದದ್ದು ಇನ್ನೊಬ್ಬ ಶಿಲ್ಪಿ ಗಿಬರ್ಟಿ. ಇಬ್ಬರ ಸ್ಯಾಂಪಲ್ ಫಲಕವೂ ಈಗ ಬಾರ್ಜೆಲ್ಲೊ ಮ್ಯೂಸಿಯಂನಲ್ಲಿ ಉಂಟು, ನನ್ ಕಣ್ಣಿಗೆ ಸೋತವನದ್ದೇ ಜಾಸ್ತಿ ಜೀವಂತ, ಇರ್ಲಿ. ಆಮೇಲೆ ಅವ್ನು ಹೆಚ್ಚುಹೆಚ್ಚು ಕಟ್ಟಡದ ಕಡೆ ವಾಲಿದ, ಆದ್ರೆ ಅಕ್ಕಸಾಲಿಯ ಸಣ್ಣ ಕೈಕೆಲಸ ಬಿಡ್ಲಿಲ್ಲ. ಈ ಪ್ರಯೋಗ ನೋಡಿದ್ರೆ ಅದು ಗೊತ್ತಾಗ್ತದೆ: ಚಿತ್ರದಲ್ಲೇ ಒಂದು ತೂತು ಮಾಡಿ, ಅದ್ರಲ್ಲಿ ಇಣುಕಿ ಕನ್ನಡಿಯಲ್ಲಿ ಚಿತ್ರ ನೋಡಿದ್ರೆ, ಅದು ಎದುರಿನ ನಿಜವಾದ ನೋಟಕ್ಕೆ ಸರಿಯಾಗಿ ಹೊಂದ್ಬೇಕು.

ಅವ್ನು ಆ ದೊಡ್ಡ ಚರ್ಚಿನ ಬಾಗ್ಲ ಒಳಗೆ ನಿಂತು ಎದುರಿನ ಬ್ಯಾಪ್ಟಿಸ್ಟರಿಯ ಚಿತ್ರ ಬರ್ದ. ನೀವೂ ಬಾಗ್ಲೊಳಗೇ ನಿಲ್ಲಿ. ಎದುರಿಗೆ ನೆಟ್ಟಗಿನ ಗೆರೆ ಬೇಕು, ಹಂಚಿನ ಮಾಡು, ಅಂಗಳದ ಚಪ್ಪರದ ಕಂಬ, ಅಡಿಕೆ ತೋಟದ ಸಾಲು ಯಾವ್ದಾದ್ರೂ ಆಯ್ತು, ಬರೀ ಕಾಡು ಬೆಟ್ಟ ಇದ್ರೆ ಮಜಾ ಬರೋದಿಲ್ಲ. ಮಳೆಗಾಲ ಬೇಡ.

ಎ4 ಸೈಜಿನ ಅಕ್ರಿಲಿಕ್ ಶೀಟನ್ನ ಮೇಜಿನ ಮೇಲೆ ನೆಟ್ಟಗೆ ನಿಲ್ಸಿ, ಕಣ್ಣಿಂದ 40 ಸೆಂ.ಮೀ. ದೂರ, ಗದ್ದಕ್ಕೆ ಏನಾದ್ರೂ ಆಸರೆ ಕೊಟ್ಟು ಒಂದು ಕಣ್ಣು ಮುಚ್ಚಿ, ಶೀಟಲ್ಲಿ ನಿಮ್ದೇ ಕಣ್ಣು ಮಸುಕಾಗಿ ಕಾಣ್ತದಲ್ಲ, ಮೊದ್ಲು ಅಲ್ಲೊಂದು ಚುಕ್ಕಿ ಹಾಕಿ. ಇದು ತಪ್ಪಿದ್ರೆ ಎಲ್ಲಾ ಹೋಯ್ತು. ಚುಕ್ಕಿಯ ಎತ್ತರ ಅಂದ್ರೆ ನಿಮ್ಮ ಕಣ್ಣಿನ ಮಟ್ಟ. ಕಾರವಾರದವ್ರಾದ್ರೆ ಟಾಗೋರ್ ಬೀಚಲ್ಲಿ ಒಮ್ಮೆ ಕೂತು ಒಮ್ಮೆ ನಿಂತು ನೋಡಿ, ಸಮುದ್ರದ ಗೆರೆ ಕಣ್ಣಿನ ಜೊತೆಗೇ ಏಳ್ತದೆ ಇಳೀತದೆ, ಅದೇ ಮಟ್ಟ. ಆಮೇಲೆ ತಲೆ ಅಲ್ಲಾಡಿಸ್ದೆ ಮಾರ್ಕರಲ್ಲಿ ಕಂಡ ಗೆರೆಯೆಲ್ಲಾ ಎಳೀರಿ.

ಈಗ ಶೀಟನ್ನ ಮಗುಚಿ, ಹಿಂಬದಿಯಿಂದ ಪೇಪರಿಗೆ ಇಳಿಸ್ಕೊಳ್ಳಿ. ಎಡ ಬಲ ಅದಲುಬದಲು ಆಗ್ಬೇಕು, ಕನ್ನಡಿ ಅದನ್ನ ಮತ್ತೆ ಸರಿ ಮಾಡ್ತದೆ. ಬಣ್ಣ ಹಾಕಿ ದಪ್ಪ ರಟ್ಟಿಗೆ ಅಂಟಿಸಿ, ಚುಕ್ಕಿ ಇದ್ದಲ್ಲಿ ತೂತು ಮಾಡಿ: ಚಿತ್ರದ ಕಡೆ ಬೇಳೆಕಾಳಿನಷ್ಟು, ಹಿಂದೆ ಅಗಲ. ಅವ್ನೂ ಹಾಗೇ ಮಾಡಿದ್ದ ಅಂತ ಅವನ ಜೀವನಚರಿತ್ರೆ ಬರ್ದ ಮಾನೆಟ್ಟಿ ಹೇಳ್ತಾನೆ. ಆಕಾಶಕ್ಕೆ ಅವ್ನು ಬಣ್ಣ ಹಾಕ್ಲೇ ಇಲ್ಲ, ಹೊಳೆಯೋ ಹಾಗೆ ಉಜ್ಜಿದ ಬೆಳ್ಳಿ ಕೂರಿಸಿದ, ಅದ್ರಲ್ಲಿ ನಿಜವಾದ ಮೋಡ ಓಡಾಡ್ತಿತ್ತು! ನಾವು ಕನ್ನಡಿಯಂತೆ ಹೊಳೆಯೋ ಸ್ಟಿಕರ್ ಶೀಟ್ ಅಂಟಿಸಿದ್ರೆ ಸಾಕು.

ಅದೇ ಜಾಗದಲ್ಲಿ ನಿಂತು ಚಿತ್ರ ಹೊರಗೆ ಮುಖ ಮಾಡೋ ಹಾಗೆ ರಟ್ಟು ಹಿಡ್ದು, ಹಿಂದಿನ ತೂತಿಗೆ ಕಣ್ಣು ಇಡಿ, ಇನ್ನೊಂದು ಕೈಯಲ್ಲಿ ಕನ್ನಡಿ ಚಿತ್ರದ ಎದುರಿಗೆ, 20 ಸೆಂ.ಮೀ. ದೂರ. ಯಾಕೆ ಅರ್ಧ ಅಂದ್ರೆ ಬೆಳಕು ಹೋಗಿ ಬರ್ಬೇಕಲ್ಲ, ಒಟ್ಟು 40 ಆಗ್ತದೆ, ಹಾಗಾಗಿ ಕನ್ನಡಿನೂ ಚಿತ್ರದ ಅರ್ಧ ಅಳತೆದು ಇದ್ರೆ ಆಯ್ತು. ಕನ್ನಡಿ ತೆಗೀರಿ, ಹಾಕಿ, ತೆಗೀರಿ. ಮಾಡಿನ ಗೆರೆ ಜಾಗ ಬಿಟ್ಟು ಕದಲ್ದೇ ಇದ್ರೆ ಕೆಲಸ ಸರಿಯಾಯ್ತು. ಚಿತ್ರ ದೊಡ್ಡದಾಗಿ ಕಂಡ್ರೆ ಕನ್ನಡಿ ಹತ್ರ ಬಂದಿದೆ, ಸ್ವಲ್ಪ ದೂರ ಮಾಡಿ.

ಚಿಕ್ಕ ಮಕ್ಳಿಗೆ ಎರಡೂ ಕೈ ಹೊಂದಿಸೋದು ಕಷ್ಟ. ಅವ್ರಿಗೆ ಬ್ರುನೆಲೆಸ್ಕಿಯ ಎರಡನೇ ಉಪಾಯ ಒಳ್ಳೇದು: ಫ್ಲಾರೆನ್ಸಿನದ್ದೇ ಸಿನ್ಯೋರಿಯಾ ಚೌಕದ ಚಿತ್ರ ದೊಡ್ಡದಾಗಿದ್ದಕ್ಕೆ ಕನ್ನಡಿಯನ್ನೇ ಬಿಟ್ಟ, ಕಟ್ಟಡದ ಮೇಲಿನ ಅಂಚಿಗೆ ಹಲಗೆ ಕತ್ತರಿಸಿ ಮೇಲೆ ನಿಜವಾದ ಆಕಾಶ ಕಾಣೋ ಹಾಗೆ ಮಾಡಿದ. ಹಾಗೆ ಮಾಡೋದಾದ್ರೆ ಪೇಪರನ್ನ ಎಡ ಬಲ ತಿರುಗಿಸೋದು ಬೇಡ, ತೂತೂ ಬೇಡ.