ಕೊರೆಯುವ ಚಳಿಯಲ್ಲಿ ಸಣ್ಣ ಕುಂಬಾರಿಕೆ ಸ್ಟುಡಿಯೋ ನಡೆಸುವ ಬಗೆ

ಅಮೆರಿಕದ ಮಿನ್ನೆಸೋಟದಲ್ಲಿ ಮನೆಯ ಗ್ಯಾರೇಜಿನಲ್ಲೋ ಹಿತ್ತಲಿನ ಷೆಡ್ಡಿನಲ್ಲೋ ತಿಗರಿ ಇಟ್ಟುಕೊಂಡು ಕೆಲಸ ಮಾಡುವವರು ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಾಗಿಲು ಮುಚ್ಚಿ ಕೂರುವಂತಿಲ್ಲ. ಆ ರಾಜ್ಯದ ಪೂರ್ವ ಅಂಚಿನ ಸೇಂಟ್ ಕ್ರಾಯ್ ನದಿ ಕಣಿವೆಯ ಕುಂಬಾರರು ತಮ್ಮ ಸ್ಟುಡಿಯೋಗಳನ್ನು ಜನರಿಗೆ ತೆರೆದಿಡುವ ವಾರ್ಷಿಕ ಮಾರಾಟ ನಡೆಯುವುದು ಮೇ ತಿಂಗಳಲ್ಲಿ. ಅಲ್ಲಾಗಲಿ ಬೇಸಿಗೆಯ ಕಲಾಸಂತೆಗಳಲ್ಲಾಗಲಿ ಮಾರಬೇಕಾದ ಬಟ್ಟಲು, ಹೂಜಿಗಳು ತಿಗರಿಯ ಮೇಲೆ ಏಳಬೇಕಾದದ್ದು ಜನವರಿ, ಫೆಬ್ರವರಿಯಲ್ಲೇ. ನಮ್ಮ ಊರುಗಳ ಕುಂಬಾರರು ಮಳೆಗಾಲದಲ್ಲಿ ಕೆಲಸ ತಗ್ಗಿಸುವುದು ಮುಖ್ಯವಾಗಿ ಮಡಕೆ ಒಣಗುವುದಿಲ್ಲವೆಂಬ ಕಾರಣಕ್ಕೆ. ಮಿನ್ನೆಸೋಟದ ಚಳಿಗಾಲದ ಪಾಡೇ ಬೇರೆ: ಒಂದೇ ಕೋಣೆಯ ಒಂದು ಮೂಲೆಯಲ್ಲಿ ಮಡಕೆ ಹೆಪ್ಪುಗಟ್ಟಿದರೆ ಇನ್ನೊಂದು ಮೂಲೆಯಲ್ಲಿ ಅತಿ ಬೇಗ ಒಣಗಿ ಸೀಳುತ್ತದೆ.

2019ರ ಜನವರಿ 30ರಂದು ಮಿನ್ನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ದಿನಗಳಲ್ಲಿ ಇಡೀ ಗ್ಯಾರೇಜನ್ನು ಬೆಚ್ಚಗಿಡಲು ಹೊರಟರೆ ಮಡಕೆಯ ಸಂಪಾದನೆಯೆಲ್ಲ ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಅದರ ಅಗತ್ಯವೂ ಇಲ್ಲ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಕೆಡುವುದು ನೀರಿರುವ ವಸ್ತುಗಳು ಮಾತ್ರ. ಪೂರ್ತಿ ಒಣಗಿದ ಮಡಕೆ, ಮೊದಲ ಸುಡುವಿಕೆ ಮುಗಿಸಿದ ಬಿಸ್ಕ್ ಪಾತ್ರೆ, ಗ್ಲೇಜಿನ (ಮಡಕೆಗೆ ಬಳಿದು ಸುಟ್ಟಾಗ ಗಾಜಿನಂತಾಗುವ ಲೇಪ) ಒಣ ಪುಡಿಗಳು, ಆವಿಗೆಯ ಹಲಗೆಗಳು ಚಳಿಯಲ್ಲಿದ್ದರೂ ಏನೂ ಆಗದು. ಹಸಿ ಮಡಕೆ, ಮಣ್ಣಿನ ಚೀಲ, ಕಲಸಿದ ಗ್ಲೇಜು, ಒದ್ದೆ ಪ್ಲಾಸ್ಟರ್ ಅಚ್ಚುಗಳು, ಈ ನಾಲ್ಕಕ್ಕೆ ಮಾತ್ರ ಒಂದು ಬೆಚ್ಚನೆಯ ಮೂಲೆ ಬೇಕು.

ಮನೆಯ ಗೋಡೆಗೆ ಅಂಟಿಕೊಂಡ ಬದಿಯನ್ನು ಆರಿಸಿಕೊಂಡು, ಫೋಮ್ ಹಲಗೆ ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಅದನ್ನು ಬೇರ್ಪಡಿಸಿ, ಒಳಗೆ 8ರಿಂದ 10 ಡಿಗ್ರಿ ಇರುವಂತೆ ನೋಡಿಕೊಂಡರೆ ಸಾಕು. ಎಲ್ಲಕ್ಕಿಂತ ತಣ್ಣಗಿರುವುದು ಕಾಂಕ್ರೀಟ್ ನೆಲವಾದ್ದರಿಂದ, ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ದಾಖಲಿಸುವ ಥರ್ಮಾಮೀಟರನ್ನು ಕಣ್ಣೆತ್ತರದಲ್ಲಿ ತೂಗುಹಾಕದೆ ನೆಲದ ಮಟ್ಟದಲ್ಲಿಡಬೇಕು. ಮಣ್ಣಿನ ಚೀಲಗಳನ್ನು ಮರದ ಹಲಗೆಯ ಮೇಲೆ ಪೇರಿಸಬೇಕು. ಕೆಟ್ಟುಹೋದ ಹಳೆಯ ಫ್ರಿಜ್ ಸಿಕ್ಕರೆ ಬಿಡಬೇಡಿ. ಅದರ ದಪ್ಪ ಗೋಡೆಗಳು ಚಳಿಯನ್ನು ತಡೆಯುತ್ತವೆ, ಬಾಗಿಲಿನ ರಬ್ಬರು ತೇವವನ್ನು ಹಿಡಿದಿಡುತ್ತದೆ. ಸಸಿ ಬೆಳೆಸುವವರು ಬಳಸುವ, ಥರ್ಮೋಸ್ಟಾಟ್ ಇರುವ ಬಿಸಿ ಚಾಪೆಯೊಂದನ್ನು ಒಳಗಿಟ್ಟರೆ ಹಿಡಿ ಕೂರಿಸಿದ ಕಪ್ಪುಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕಾವಿಗೆ ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್ ಸುರಕ್ಷಿತ. ಹೊಗೆಕೊಳವೆಯಿಲ್ಲದ ಸೀಮೆಎಣ್ಣೆ ಅಥವಾ ಪ್ರೊಪೇನ್ ಹೀಟರನ್ನು ಮುಚ್ಚಿದ ಕೋಣೆಯಲ್ಲಿ ಉರಿಸಲೇಬಾರದು. ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿನ ಸೂಚಕ ಹೇಗಿದ್ದರೂ ಇರಬೇಕು. ಅಮೆರಿಕದ ಮನೆಗಳ 120 ವೋಲ್ಟಿನ 15 ಆಂಪಿಯರ್ ಸರ್ಕ್ಯೂಟಿನ ಪೂರ್ಣ ಸಾಮರ್ಥ್ಯವೇ 1800 ವ್ಯಾಟ್ ಆಗಿರುವುದರಿಂದ, 1500 ವ್ಯಾಟಿನ ಹೀಟರಿನ ಜೊತೆ ತಿಗರಿಯನ್ನೂ ಅದಕ್ಕೇ ಸಿಕ್ಕಿಸಿದರೆ ಬ್ರೇಕರ್ ಬೀಳುತ್ತದೆ; ಸಂಜೆ ಬಿದ್ದದ್ದು ಯಾರ ಗಮನಕ್ಕೂ ಬಾರದಿದ್ದರೆ ಬೆಳಗಿನ ಹೊತ್ತಿಗೆ ಹಸಿ ಮಡಕೆಗಳ ಮೈಮೇಲೆ ಜರೀಗಿಡದ ಎಲೆಯಂಥ ಹಿಮದ ಗೆರೆಗಳು ಮೂಡಿರುತ್ತವೆ. ಆ ಗೆರೆ ಬಿದ್ದ ಮಡಕೆ ಕರಗಿದಾಗ ಪದರ ಪದರವಾಗಿ ಉದುರುತ್ತದೆ. ಅದನ್ನು ಉಳಿಸಲು ಹೆಣಗದೆ ಮತ್ತೆ ಕಲಸುವ ಮಣ್ಣಿನ ಬಕೆಟ್ಟಿಗೇ ಹಾಕುವುದು ಒಳ್ಳೆಯದು.

ಚೀಲದಲ್ಲೇ ಹೆಪ್ಪುಗಟ್ಟಿದ ಮಣ್ಣು ಮಾತ್ರ ಹಾಳಾಗಿಲ್ಲ. ನೀರು ಮಂಜಿನ ಹರಳಾಗಿ ಮಣ್ಣಿನಿಂದ ಬೇರ್ಪಟ್ಟಿರುವುದರಿಂದ, ಕರಗಿದ ಮೇಲೆ ಹೊರಮೈ ಕೆಸರಾಗಿಯೂ ಒಳಗಿನ ತಿರುಳು ಗಟ್ಟಿಯಾಗಿ ಪುಡಿಪುಡಿಯಾಗಿಯೂ ಇರುತ್ತದೆ. ಚೀಲ ಬಿಚ್ಚದೆ ಮನೆಯೊಳಗೆ ಎರಡು ಮೂರು ದಿನ ಬಿಟ್ಟು, ನಡುವಿನ ಗಂಟು ಪೂರ್ತಿ ಕರಗಿದ ಮೇಲೆ ತಂತಿಯಿಂದ ಹೋಳು ಮಾಡಿ, ಹೋಳುಗಳನ್ನು ಒಂದರ ಮೇಲೊಂದು ಬಡಿದು ಚೆನ್ನಾಗಿ ನಾದಿದರೆ ಹದ ಮರಳಿ ಬರುತ್ತದೆ. ಗ್ಲೇಜು ಹೆಪ್ಪುಗಟ್ಟಿದ್ದರೆ ಕರಗಿಸಿ, 80 ಮೆಶ್ (ಅಂಗುಲಕ್ಕೆ 80 ಕಣ್ಣುಗಳಿರುವ) ಜರಡಿಯಲ್ಲಿ ಸೋಸಿ, ಒಂದು ಪರೀಕ್ಷಾ ಬಿಲ್ಲೆಯನ್ನು ಸುಟ್ಟು ನೋಡಿದ ನಂತರವೇ ಬಳಸಬೇಕು. ಅಂಟು ಬೆರೆಸಿದ, ಕುಂಚದಿಂದ ಬಳಿಯುವ ಗ್ಲೇಜುಗಳು ಮೊದಲಿನಂತೆ ಹರಡದೇ ಹೋಗಬಹುದು.

ಇನ್ನು ಒಣಗುವಿಕೆ. ಹೊಸಬರು ಹೆಚ್ಚು ಮಡಕೆ ಕಳೆದುಕೊಳ್ಳುವುದು ಹಿಮದಿಂದಲ್ಲ, ಇದರಿಂದಲೇ ಎಂದು ನನ್ನ ಅಭಿಪ್ರಾಯ. ಮೈನಸ್ 20 ಡಿಗ್ರಿಯ ಗಾಳಿ ತನ್ನಿಂದಾಗುವಷ್ಟು ತೇವವನ್ನು ಹೊತ್ತಿದ್ದರೂ, ಕೋಣೆಯೊಳಗೆ ಅದೇ ಗಾಳಿ 18 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 5ರ ಆಸುಪಾಸಿಗೆ ಕುಸಿಯುತ್ತದೆ. ಅಂಥ ಗಾಳಿಯಲ್ಲಿ ಬಟ್ಟಲಿನ ಅಂಚು ಬಿಳಿಚಿಕೊಂಡು ಕುಗ್ಗುವ ಹೊತ್ತಿಗೆ ತಣ್ಣನೆಯ ಹಲಗೆಗೆ ಅಂಟಿದ ತಳ ಇನ್ನೂ ಒದ್ದೆಯಾಗಿಯೇ ಇರುತ್ತದೆ, ಮತ್ತು ಈ ಎರಡರ ಎಳೆದಾಟದಲ್ಲಿ ತಳದ ನಡುವೆ ಬಿರುಕು ಬೀಳುತ್ತದೆ. ಹಿಡಿಯಿರುವ ಕಪ್ಪಿನಲ್ಲಿ ತೆಳುವಾದ ಹಿಡಿ ಮೊದಲು ಒಣಗಿ, ಬೆಸುಗೆಯ ಜಾಗದಲ್ಲೇ ಕೂದಲೆಳೆಯ ಸೀಳು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹೀಟರಿನ ಎದುರು ಮಡಕೆ ಇಡಲೇಬೇಡಿ. ಅಂಚು ಎತ್ತುವಷ್ಟು ಗಟ್ಟಿಯಾದ ಕೂಡಲೇ ಬಟ್ಟಲನ್ನು ಮಗುಚಿಟ್ಟು, ತೆಳುವಾದ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೊಮ್ಮೆ ಆ ಹೊದಿಕೆಯನ್ನು ಒಳಹೊರಗು ಮಾಡಿದರೆ ಕಟ್ಟಿದ ಹನಿಗಳು ಮತ್ತೆ ಮಡಕೆಯ ಮೇಲೆ ಬೀಳುವುದಿಲ್ಲ.

ಕಿಟಕಿ ಮುಚ್ಚಿರುವ ಈ ತಿಂಗಳುಗಳಲ್ಲಿ ಪೊರಕೆ ಹಿಡಿಯಬಾರದು. ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಹಾಗಾಗಿ ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿಯಾದ ದಾರಿ. ತಿಗರಿಯ ಪಕ್ಕದ ನೀರು ಬಿಸಿಯಾಗಿರಲಿ. ತಣ್ಣನೆಯ ಮಣ್ಣಿನಲ್ಲಿ ಬೆರಳು ಮರಗಟ್ಟಿದರೆ ಗೋಡೆಯ ದಪ್ಪ ಕೈಗೆ ತಿಳಿಯದು.

ಆವಿಗೆಯ ವಿಷಯದಲ್ಲಿ ಆತುರ ಸಲ್ಲದು. ವಿದ್ಯುತ್ ಆವಿಗೆಯ ಕಂಟ್ರೋಲರ್ ಎಷ್ಟು ಚಳಿಯವರೆಗೆ ಕೆಲಸ ಮಾಡುತ್ತದೆಂಬುದನ್ನು ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಬೇಕು. ಚಳಿಯಲ್ಲಿ ಮಡಕೆಯ ತೇವ ಕೈಗೆ ಗೊತ್ತಾಗುವುದಿಲ್ಲ, ಎಲ್ಲವೂ ತಣ್ಣಗೇ ಇರುತ್ತದೆ. ಆದ್ದರಿಂದ ಮೊದಲ ಸುಡುವಿಕೆಯಲ್ಲಿ 80ರಿಂದ 90 ಡಿಗ್ರಿಯ ನಡುವೆ ಹಲವು ಗಂಟೆ ನಿಲ್ಲಿಸಿ, ನೀರು ಕುದಿಯುವ ಮುನ್ನವೇ ಅದನ್ನು ಹೊರಹಾಕಬೇಕು. ಕಾವು ಉಳಿಯಲಿ ಎಂದು ಆವಿಗೆಯ ಗಾಳಿಕೊಳವೆಯ ಫ್ಯಾನ್ ನಿಲ್ಲಿಸುವವರಿದ್ದಾರೆ. ಮಣ್ಣಿನಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಗಂಧಕದ ಅನಿಲಗಳು ಹೊರಬರುವ ಹೊತ್ತಿನಲ್ಲಿ ಅದು ದೊಡ್ಡ ಅಪಾಯ. ಆವಿಗೆ ಆರುವಾಗಲೂ ಮಣ್ಣಿನಲ್ಲಿರುವ ಸಿಲಿಕಾದ ಹರಳುಗಳು, ಅಂದರೆ 573 ಡಿಗ್ರಿಯ ಬಳಿ ಕ್ವಾರ್ಟ್ಜ್, ಕೆಲವು ಮಣ್ಣುಗಳಲ್ಲಿ 226ರ ಬಳಿ ಕ್ರಿಸ್ಟೋಬಲೈಟ್ ಹಠಾತ್ತನೆ ಕುಗ್ಗುವುದರಿಂದ, ಹೊರಗಿನ ಚಳಿಗಾಳಿ ತಾಗಿದ ದೊಡ್ಡ ತಟ್ಟೆ ಟಣ್ ಎಂದು ಸೀಳಬಹುದು. ಒಳಗೆ 50 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಮುಚ್ಚಳ ತೆರೆಯಬಾರದು.

ಹಿಮಬಿರುಗಾಳಿಯಲ್ಲಿ ವಿದ್ಯುತ್ ಹೋದರೆ ಎಲ್ಲವನ್ನೂ ಮನೆಯೊಳಗೆ ಹೊರಲು ಆಗುವುದಿಲ್ಲ. ಮೊದಲು ಅರೆ ಒಣಗಿದ ಮಡಕೆಗಳನ್ನು ಹಲಗೆಯ ಸಮೇತ ಒಯ್ಯಿರಿ, ಆಮೇಲೆ ಅಂಟು ಬೆರೆಸಿದ ಗ್ಲೇಜುಗಳನ್ನು, ಅನಂತರ ಒದ್ದೆ ಅಚ್ಚುಗಳನ್ನು. ನೀರಿನ ಮುಖ್ಯ ನಲ್ಲಿಯನ್ನು ಮುಚ್ಚಿ ಕೊಳವೆಯಲ್ಲಿ ಉಳಿದದ್ದನ್ನು ಬಸಿಯಿರಿ. ಮಣ್ಣಿನ ಚೀಲಗಳಿಗೆ ಹಳೆಯ ಕಂಬಳಿ ಹೊದಿಸಿ ಅಲ್ಲೇ ಬಿಡಬಹುದು. ಹೆಪ್ಪುಗಟ್ಟಿದರೂ ಮುಂದಿನ ವಾರ ಒಂದಿಷ್ಟು ಹೆಚ್ಚು ನಾದಬೇಕಾದೀತು, ಅಷ್ಟೆ.