ತೊಂಬತ್ತು ದಿನಗಳ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಾನು ಮೊದಲ ಬಾರಿ ರಕ್ತ ಕೊಡಲು ಹೋದ ದಿನ, ನನ್ನ ಬೆರಳ ತುದಿಯಿಂದ ತೆಗೆದ ಒಂದು ಹನಿಯನ್ನು ರಕ್ತನಿಧಿಯ ಸಿಬ್ಬಂದಿ ನೀಲಿ ಮೈಲುತುತ್ತದ ದ್ರಾವಣಕ್ಕೆ ಬಿಟ್ಟರು. ಹಿಮೋಗ್ಲೋಬಿನ್ 12.5 ಗ್ರಾಂ ಇದ್ದರೆ ಹನಿ ತಳಕ್ಕೆ ಇಳಿಯುತ್ತದೆ. ನನ್ನದು ತೇಲುತ್ತ ನಿಂತಿತು. ಯಂತ್ರದಲ್ಲಿ ನೋಡಿದಾಗ 10.9 ಇತ್ತು. ರಕ್ತ ಕೊಡಲಾಗದೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗಲೇ ಬಾದಾಮಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ತಾಯಿಯ ಪರಿಚಯವಾಯಿತು. ಆಕೆಯ ಆರು ವರ್ಷದ ಮಗನಿಗೆ ಥಲಸ್ಸೇಮಿಯಾ, ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ ಹುಟ್ಟುಕಾಯಿಲೆ. ಮೂರು–ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸದಿದ್ದರೆ ಹುಡುಗ ಎದ್ದು ಓಡಾಡಲಾರ. ‘ಪ್ರತಿ ಸರ್ತಿ ಯಾರಿಗೆ ಕೈ ಮುಗೀಲ್ರಿ ಅಕ್ಕೋರ, ಬೀಗರು ಬಿಜ್ಜರು ಎಲ್ಲಾರೂ ಮುಗದ್ರು’ ಎಂದಳು. ನಾನು ಶಾಲಾ ಶಿಕ್ಷಕಿ. ನೂರಾರು ಪಾಲಕರು, ಹಳೆಯ ವಿದ್ಯಾರ್ಥಿಗಳು ನನಗೆ ಗೊತ್ತು. ನನ್ನ ರಕ್ತ ಉಪಯೋಗಕ್ಕೆ ಬಾರದಿದ್ದರೂ ನನ್ನ ಪರಿಚಯ ಬರಬಹುದೆಂದು ಅಂದೇ ಅನ್ನಿಸಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1ರಂದು ಶಿಬಿರ ಏರ್ಪಡಿಸಿದೆವು, 58 ಮಂದಿ ರಕ್ತ ಕೊಟ್ಟರು, ನಮಗೆಲ್ಲ ಬಹಳ ಸಂತೋಷವಾಯಿತು. ನವೆಂಬರ್ ಮೂರನೆಯ ವಾರದಲ್ಲಿ ಅದೇ ತಾಯಿ ಫೋನ್ ಮಾಡಿದಾಗ ನನ್ನ ಪಟ್ಟಿಯಲ್ಲಿದ್ದ ಒಬ್ಬರೂ ಕೊಡುವಂತಿರಲಿಲ್ಲ. ಏಕೆಂದರೆ ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಲೇಬೇಕು. ಶಿಬಿರದ ರಕ್ತ ಅಷ್ಟರಲ್ಲಿ ಖರ್ಚಾಗಿತ್ತು. ಉಳಿದಿದ್ದರೂ ಪ್ರಯೋಜನವಿರಲಿಲ್ಲ, ಕೆಂಪು ರಕ್ತಕಣಗಳ ಚೀಲವನ್ನು ಸಾಮಾನ್ಯವಾಗಿ 35ರಿಂದ 42 ದಿನಗಳ ಆಚೆಗೆ ಬಳಸುವಂತಿಲ್ಲ. ಎಲ್ಲರನ್ನೂ ಒಂದೇ ದಿನ ಕರೆದು ನಾನೇ ಮುಂದಿನ ಮೂರು ತಿಂಗಳ ಬಾಗಿಲು ಹಾಕಿಬಿಟ್ಟಿದ್ದೆ. ಆ ಸಲ ಆ ಮಗು ನಾಲ್ಕು ದಿನ ಕಾಯಬೇಕಾಯಿತು, ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಅಲ್ಲಿಂದ ಮುಂದೆ ನಾನು ಶಿಬಿರದ ಬದಲು ಒಂದು ಉದ್ದನೆಯ ನೋಟ್‌ಬುಕ್ಕು ಇಟ್ಟೆ. ತಿಂಗಳಿಗೊಂದರಂತೆ ಹನ್ನೆರಡು ಪುಟ. ಪ್ರತಿ ಹೆಸರಿನ ಮುಂದೆ ರಕ್ತದ ಗುಂಪು, ಕೊನೆಯ ಸಲ ಕೊಟ್ಟ ದಿನಾಂಕ, ಮತ್ತೆ ಕೊಡಬಹುದಾದ ದಿನಾಂಕ. ಲೆಕ್ಕ ಕಷ್ಟದ್ದಲ್ಲ. ಮೂರು ವಾರಕ್ಕೊಂದು ಚೀಲವೆಂದು ಹಿಡಿದರೂ ಆ ಹುಡುಗನಿಗೆ ವರ್ಷಕ್ಕೆ 17 ಸಾಕು, ಅವನದೇ ಗುಂಪಿನ ಹತ್ತು ಜನ ವರ್ಷಕ್ಕೆ ಎರಡೆರಡು ಸಲ ಕೊಟ್ಟರೆ 20 ಆಗುತ್ತದೆ. ಗಂಡಸರು ನಾಲ್ಕು ಸಲವೂ ಕೊಡಬಹುದು, ಆದರೆ ನಾನು ಎರಡಕ್ಕಿಂತ ಹೆಚ್ಚು ಕೇಳುವುದಿಲ್ಲ. ಪದೇ ಪದೇ ಕರೆದರೆ ಒಳ್ಳೆಯ ಮನುಷ್ಯನೂ ಫೋನ್ ಎತ್ತುವುದನ್ನು ಬಿಡುತ್ತಾನೆ, ಮತ್ತು ನನಗೆ ಅವನು ಈ ವರ್ಷಕ್ಕಷ್ಟೇ ಅಲ್ಲ, ಹತ್ತು ವರ್ಷಕ್ಕೆ ಬೇಕು.

ಪುಟ ತುಂಬಿಸುವುದರಲ್ಲಿ ಅತಿ ಕಷ್ಟವಾದದ್ದು ಏಪ್ರಿಲ್ ಮತ್ತು ಮೇ. ರಕ್ತ ಕೊಡುವವರಲ್ಲಿ ಕಾಲೇಜಿನ ಹುಡುಗರೇ ಹೆಚ್ಚು. ಪರೀಕ್ಷೆ ಮುಗಿಯುತ್ತಲೇ ಅವರು ಊರು ಸೇರುತ್ತಾರೆ, ನಮ್ಮ ಕಡೆಯ ಬಿಸಿಲಿಗೆ ಉಳಿದವರೂ ಹಿಂಜರಿಯುತ್ತಾರೆ. ಆ ಎರಡು ತಿಂಗಳಿಗೆಂದೇ ನಾನು ಗುಳೇದಗುಡ್ಡದ ನೇಕಾರರ ಓಣಿಗಳಿಗೆ ಹೋದೆ. ಖಣ ನೇಯುವವರು ಬೇಸಿಗೆಯಲ್ಲೂ ಮಗ್ಗದ ಮೇಲೆಯೇ ಇರುತ್ತಾರೆ, ನೆರಳಿನ ಕೆಲಸ. ಮೊದಲ ದಿನ ಹಿರಿಯರೊಬ್ಬರು, ‘ರಗತ ಕೊಟ್ರ ಕೈಯಾಗ ಕಸುವು ಉಳೀತದೇನ್ರಿ?’ ಎಂದು ಕೇಳಿದರು. ತೆಗೆಯುವುದು 350 ಅಥವಾ 450 ಮಿಲಿಲೀಟರ್, ತೂಕ 45 ಕಿಲೋ ಇಲ್ಲದವರಿಂದ ತೆಗೆಯುವುದೇ ಇಲ್ಲ, ಹೋದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ವಾರಗಳು ಬೇಕು, ಅದಕ್ಕಾಗಿಯೇ ಆ ಮೂರು ತಿಂಗಳ ಅಂತರ ಎಂದು ವಿವರಿಸಿದೆ. ಅವರು ವಯಸ್ಸಿನ ಮಿತಿಯಾದ 65 ದಾಟಿದ್ದರಿಂದ ಇಬ್ಬರು ಗಂಡುಮಕ್ಕಳನ್ನು ಕಳಿಸಿಕೊಟ್ಟರು. ಕೊಟ್ಟ ದಿನ ಭಾರ ಎತ್ತಬಾರದು, ನೀರು ಹೆಚ್ಚು ಕುಡಿಯಬೇಕು ಎಂಬುದನ್ನು ಪ್ರತಿ ಸಲವೂ ಹೇಳುತ್ತೇನೆ. ಬರಿಹೊಟ್ಟೆಯಲ್ಲಿ ಕೊಡಬಾರದಾದ್ದರಿಂದ ಶ್ರಾವಣ ಸೋಮವಾರಗಳಲ್ಲಿ ಮತ್ತು ರಂಜಾನ್ ತಿಂಗಳಲ್ಲಿ ಉಪವಾಸವಿರುವವರ ಹೆಸರನ್ನು ಬೇರೆ ಪುಟಕ್ಕೆ ಸರಿಸುತ್ತೇನೆ.

ಎರಡು ಕಟ್ಟುನಿಟ್ಟುಗಳನ್ನು ಯಾರಿಗಾಗಿಯೂ ಸಡಿಲಿಸಿಲ್ಲ. ದಾನಿಯ ಫೋನ್ ನಂಬರನ್ನು ರೋಗಿಯ ಮನೆಯವರಿಗೆ ಕೊಡುವುದಿಲ್ಲ, ಮನೆಯವರಿಂದ ದಾನಿಗೆ ಹಣ ಮುಟ್ಟಲು ಬಿಡುವುದಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ ಹಣಕ್ಕೆ ರಕ್ತ ಕೊಡುವ ಪದ್ಧತಿ 1998ರ ಜನವರಿ 1ರಿಂದ ನಿಷಿದ್ಧವಾಗಿದೆ. ಅದಕ್ಕೂ ಮಿಗಿಲಾಗಿ, ದುಡ್ಡಿನ ಆಸೆಗೆ ಬಂದವನು ತನ್ನ ಕಾಯಿಲೆಯನ್ನು ಮುಚ್ಚಿಡುವ ಅಪಾಯವಿದೆ. ರಕ್ತನಿಧಿಯಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಆಗುತ್ತವೆ ನಿಜ, ಆದರೆ ಸೋಂಕು ತೀರಾ ಹೊಸದಾಗಿದ್ದರೆ ಪರೀಕ್ಷೆಗೂ ಸಿಗದಿರಬಹುದು. ಯಾರನ್ನಾದರೂ ವೈದ್ಯರು ಬೇಡವೆಂದು ತಿರುಗಿ ಕಳಿಸಿದರೆ ಕಾರಣವನ್ನು ನಾನು ಕೇಳುವುದೂ ಇಲ್ಲ, ಬರೆದಿಡುವುದೂ ಇಲ್ಲ.

ಈಗ ನೋಟ್‌ಬುಕ್ಕಿನಲ್ಲಿ ನಾಲ್ಕು ಮಕ್ಕಳ ಲೆಕ್ಕವಿದೆ. ಓ ನೆಗೆಟಿವ್ ಗುಂಪಿನವರು ನನಗೆ ಸಿಕ್ಕಿರುವುದು ಮೂವರೇ. ಅವರನ್ನು ಯಾವ ಶಿಬಿರಕ್ಕೂ ಕರೆಯದೆ, ತುರ್ತಿಗೆಂದು ಕಾಯ್ದಿಟ್ಟಿದ್ದೇನೆ. ಒಬ್ಬರು ದುಡಿಯಲು ಪುಣೆಗೆ ಹೋಗಿದ್ದಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಊರಿಗೆ ಬಂದಾಗ ಅವರೇ ಫೋನ್ ಮಾಡಿ, ‘ಅಕ್ಕೋರ, ಎಂಟು ದಿನ ಇಲ್ಲೇ ಇರ್ತೀನ್ರಿ, ನನ್ನ ಪಾಳಿ ಐತೇನು ನೋಡ್ರಿ’ ಎನ್ನುತ್ತಾರೆ. ನಾನು ಜನವರಿಯ ಪುಟ ತೆರೆದು ನೋಡಿ ಹೇಳುತ್ತೇನೆ.