ಕಾಗದ ನನ್ನ ಬ್ಯಾಗಿನಲ್ಲಿತ್ತು

ಮಾನವ ಕಳ್ಳಸಾಗಣೆ ಅಂದರೆ ಜಾಸ್ತಿ ಜನರಿಗೆ ಮುಂಬೈಗೆ ಸಾಗಿಸಿದ ಹುಡುಗಿಯರೇ ನೆನಪಾಗುತ್ತಾರೆ. ನಾನು ಓಡಾಡುವುದು ಇಟ್ಟಿಗೆ ಗೂಡಿನಿಂದ ಬಿಡಿಸಿಕೊಂಡು ಬಂದ ಸಂಸಾರಗಳ ಜೊತೆ. ಮುಂಗಡ ಕೊಟ್ಟು ಕರೆದುಕೊಂಡು ಹೋಗುತ್ತಾರೆ. ಲೆಕ್ಕ ಯಾವತ್ತೂ ತೀರುವುದಿಲ್ಲ. ಸಂತೆಗೆ ಗಂಡ ಹೋದರೆ ಹೆಂಡತಿ ಗೂಡಿನಲ್ಲೇ ಇರಬೇಕು. ಇದೂ ಅದೇ ಅಲ್ವಾ?

ಬಿಡಿಸಿದ ಮೇಲೆ ಮೊದಲ ಓಟ ಉಪವಿಭಾಗಾಧಿಕಾರಿ ಕಚೇರಿಗೆ, ಇವರು ಜೀತದಿಂದ ಬಿಡುಗಡೆಯಾದರು ಅಂತ ಬರೆದುಕೊಡುವ ಬಿಡುಗಡೆ ಪತ್ರಕ್ಕೆ. 1976ರ ಜೀತ ರದ್ದತಿ ಕಾಯ್ದೆ ಪ್ರಕಾರ ಆ ಮುಂಗಡದ ಸಾಲ ಅಲ್ಲಿಗೆ ಮುಗಿಯಿತು. ಕೇಂದ್ರದ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ಸಿಗುತ್ತದೆ. ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ ಅನ್ನುವ ದೊಡ್ಡ ದುಡ್ಡು ಮಾತ್ರ ಕೋರ್ಟ್ ಕೇಸಿಗೆ ಜೋತುಬಿದ್ದಿರುತ್ತದೆ. ವರ್ಷಗಟ್ಟಲೆ.

ಶುರುವಿನಲ್ಲಿ ಎಲ್ಲಾ ನಾನೇ ಮಾಡುತ್ತಿದ್ದೆ. ಫಾರಂ ತುಂಬುವುದು, ಬ್ಯಾಂಕಿಗೆ ಅಲೆಯುವುದು. ಮಳೆಗೆ ನೆಂದು ಹೋದೀತು ಅಂತ ಅವರ ಆಧಾರ್, ಪಾಸ್‌ಬುಕ್, ಬಿಡುಗಡೆ ಪತ್ರ ಎಲ್ಲಾ ನನ್ನ ಬ್ಯಾಗಿನಲ್ಲೇ. ಒಂದು ದಿನ ಅವರಲ್ಲೊಬ್ಬಳು ಬಾಗಿಲಲ್ಲಿ ನಿಂತು, "ಮೇಡಂ, ತಮ್ಮನ ಮದುವೆಗೆ ಹೋಗಿ ಬರಬಹುದಾ?" ಅಂದಳು. ನಕ್ಕುಬಿಟ್ಟೆ. ಅವಳು ನಗಲಿಲ್ಲ. ಉತ್ತರಕ್ಕೆ ಕಾಯುತ್ತಾ ಸೆರಗಿನ ತುದಿ ತಿರುವುತ್ತಾ ಹಾಗೇ ನಿಂತಿದ್ದಳು. ಗೂಡಿನ ಮಾಲೀಕನ ಹತ್ತಿರವೂ ಹೀಗೇ ನಿಲ್ಲುತ್ತಿದ್ದಳೇನೋ. ಅವಳ ಕಾಗದವೂ ಆಗ ಅವನ ಹತ್ತಿರ ಇತ್ತು, ಈಗ ನನ್ನ ಹತ್ತಿರ.

ಅವತ್ತೇ ಬ್ಯಾಗ್ ಖಾಲಿ ಮಾಡಿದೆ. ಅವಳು ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾಗಿ ಹಿಟ್ಟಿನ ಡಬ್ಬದಲ್ಲಿಟ್ಟಳು. ಆಮೇಲೆ ಬ್ಯಾಂಕಿಗೆ ಹೋದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಹೆಬ್ಬೆಟ್ಟು ಸರಿಯಾಗಿ ಬೀಳದೆ ಮೂರು ಸಲ ವಾಪಸ್ ಕಳಿಸಿದರು. ಮಣ್ಣು ಕಲಸಿ ಕಲಸಿ ಗೆರೆ ಸವೆದಿತ್ತು. ಎದ್ದು ಒಳಗೆ ಹೋಗಬೇಕು ಅನ್ನಿಸುತ್ತಿತ್ತು. ನಾಲ್ಕನೇ ಸಲ ದುಡ್ಡು ತಂದಳು.

ಮುಂಗಡದವನು ಮತ್ತೆ ಬರುತ್ತಾನೆ. ದೀಪಾವಳಿ ಕಳೆದರೆ ಸಾಕು, ಬೈಕಿನಲ್ಲಿ ಹಾಜರ್. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ, ಎಲ್ಲಾ ಅವನಿಗೆ ಗೊತ್ತು. ನಮ್ಮ ಹತ್ತಿರ ಅರ್ಜಿ ಇರುತ್ತದೆ, ಅವನ ಹತ್ತಿರ ನೋಟು. ಅದಕ್ಕೇ ಹೆಂಗಸರು ಸೇರಿ ವಾರಕ್ಕೆ 20 ರೂಪಾಯಿ ಕೂಡಿಡಲು ಶುರು ಮಾಡಿದರು. ಆದರೂ ಒಂದು ಸಂಸಾರ ಮತ್ತೆ ಗೂಡಿಗೆ ಹೋಯಿತು. ಮಗುವಿನ ಆಸ್ಪತ್ರೆಗೆ 8,000 ಬೇಕಿತ್ತು, ಸಂಘದ ಡಬ್ಬದಲ್ಲಿ 4,600 ಇತ್ತು.

ಮುಂದಿನ ವಾರದ ಸಭೆಯಲ್ಲಿ ನಾನು ಏನೂ ಹೇಳಲಿಲ್ಲ. ಹಿಟ್ಟಿನ ಡಬ್ಬದವಳೇ ಎದ್ದು, "20 ಸಾಲದು, 30 ಮಾಡೋಣ" ಅಂದಳು. ಅರ್ಧ ಗಂಟೆ ಜಗಳ ಆಗಿ, 25ಕ್ಕೆ ಒಪ್ಪಿದರು.